ನಮ್ಮನೆ ಕಾಫಿ ನಮ್ಮನೆಗಿಲ್ಲ

ಫೆಬ್ರವರಿ 2, 2025, ಭಾನುವಾರ
ಮೂಡಿಗೆರೆ ಕಡೆ, ಊರ ಮನೆ

ಬೆಳಿಗ್ಗೆ ಆರೂವರೆಗೆಲ್ಲ ಅಪ್ಪ ಕಣದಲ್ಲಿದ್ದರು. ರಾತ್ರಿ ಹೊದಿಸಿದ್ದ ಟಾರ್ಪಾಲಿನ ತಗ್ಗುಗಳಲ್ಲಿ ಇಬ್ಬನಿ ನೀರು ಸಣ್ಣ ಸಣ್ಣ ಗುಂಡಿಯಾಗಿ ನಿಂತಿತ್ತು. ಒಂದು ಮೂಲೆಯಿಂದ ಉಪಾಯವಾಗಿ ಎತ್ತದಿದ್ದರೆ ಅಷ್ಟೂ ನೀರು ಒಣಗಲು ಹಾಕಿದ ರೋಬಸ್ಟಾ ಕಾಫಿಯ ಚೆರಿಯ (ಸಿಪ್ಪೆ ಸಮೇತದ ಹಣ್ಣಿನ) ಮೇಲೇ ಸುರಿಯುತ್ತದೆ. ನಾನು ಉಪಾಯವಾಗಿ ಎತ್ತಲಿಲ್ಲ. ‘ಬೆಂಗಳೂರಲ್ಲಿ ಕಾಫಿ ಕುಡಿಯೋದು ಸುಲಭ’ ಅಂದರು ಅಪ್ಪ. ಬೈಗುಳವೋ ತಮಾಷೆಯೋ ಗೊತ್ತಾಗದ ಅವರದೇ ಒಂದು ದನಿ ಇದೆ, ಅದರಲ್ಲಿ.

ಈ ಸಲ ಊರಿಗೆ ಬಂದಿದ್ದೇ ಕಾಫಿ ಕುಡಿಯೋದಕ್ಕೆ. ಹೋದ ತಿಂಗಳು ಬೆಂಗಳೂರಿನ ಒಂದು ಅಂಗಡಿಯಲ್ಲಿ ಇನ್ನೂರೈವತ್ತು ರೂಪಾಯಿ ಕೊಟ್ಟು ಹಾಲಿಲ್ಲದ ಒಂದು ಲೋಟ ಕಾಫಿ ಕುಡಿದೆ. ಜೊತೆಗೆ ಒಂದು ಚೀಟಿ ಕೊಟ್ಟರು. ತೋಟ ನಮ್ಮ ಪಕ್ಕದ ಹೋಬಳಿಯದ್ದು, ತಳಿ ಎಸ್ 795 ಅನ್ನುವ ಅರೇಬಿಕಾ, ರುಚಿ ಕಿತ್ತಳೆ ಸಿಪ್ಪೆ ಮತ್ತು ಬೆಲ್ಲದಂತೆ ಎಂದು ಬರೆದಿತ್ತು. ನಮ್ಮ ತೋಟದಲ್ಲಿರುವುದೂ ಅದೇ ಎಸ್ 795. ಹುಟ್ಟಿ ಮೂವತ್ತೆಂಟು ವರ್ಷವಾದರೂ ನಾನು ಅದರ ರುಚಿ ನೋಡಿದ್ದು ಅಂದೇ ಮೊದಲು. ಫೋನಿನಲ್ಲಿ ಹೇಳಿದರೆ ಅಪ್ಪ, ‘ಕಿತ್ತಳೆ ಬೇಕಾದ್ರೆ ಗಿಡದಲ್ಲೇ ಇದೆಯಲ್ಲ, ಬಂದು ತಿನ್ನು’ ಅಂದರು.

ನಮ್ಮನೆಯಲ್ಲಿ ಕುಡಿಯುವ ಕಾಫಿಯ ಕತೆ ಬೇರೆ. ಪೇಟೆಯ ಅಂಗಡಿಯಿಂದ ಪುಡಿ ಬರುತ್ತದೆ, ಮೂವತ್ತು ಪರ್ಸೆಂಟ್ ಚಿಕೋರಿ ಬೇರಿನ ಪುಡಿ ಬೆರೆಸಿದ್ದು. ಕಾನೂನಿನ ಪ್ರಕಾರ ನಲವತ್ತೊಂಬತ್ತರವರೆಗೂ ಬೆರೆಸಬಹುದು, ಹಾಗಾಗಿ ನಾವು ಮರ್ಯಾದಸ್ಥರೇ. ಸುತ್ತ ಕಾಫಿ ಗಿಡ ಇಟ್ಟುಕೊಂಡು ಗುಜರಾತಿನ ಬೇರಿನ ಪುಡಿ ಕುಡಿಯುವವರು ನಾವು. ಅಜ್ಜಿಯ ಕಾಲದಲ್ಲಿ ಚಿಕೋರಿ ಇರಲಿಲ್ಲ, ಆದರೆ ಕಾಫಿಯೂ ಅಷ್ಟಕ್ಕಷ್ಟೇ. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಹೆಕ್ಕಿದ ಉದುರು, ಮೊರದಲ್ಲಿ ಕೇರಿ ತೆಗೆದ ಜೊಳ್ಳು, ಬಾವಲಿ ಚೀಪಿ ಉಗಿದ ಬೀಜ, ಎಲ್ಲ ಸೇರಿಸಿ ಹುರಿದರೆ ಅದೇ ಮನೆ ಕಾಫಿ. ಕಬ್ಬೆಕ್ಕು ಹಣ್ಣು ತಿಂದು ಕಲ್ಲಿನ ಮೇಲೆ ಹಿಕ್ಕೆಯ ಜೊತೆ ಬಿಟ್ಟುಹೋದ ಬೀಜವನ್ನು ಮಾತ್ರ ಅಜ್ಜಿ ಕಡ್ಡಿಯಲ್ಲಿ ದೂಡಿಬಿಡುತ್ತಿದ್ದಳು. ಈಗ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ರೇಟು.

ಒಳ್ಳೆಯ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಹೊಟ್ಟಿನ ಸಮೇತ ಒಣಗಿಸಿದ ಬೀಜ) ಮನೆಗಲ್ಲ ಅನ್ನುವುದು ನಮಗೆ ಜಿಪುಣತನದಿಂದ ಬಂದದ್ದಲ್ಲ. ಅಜ್ಜ ತೋಟ ಮಾಡುವಾಗ ಬೆಳೆದ ಕಾಫಿಯನ್ನು ಬೇಕಾದವರಿಗೆ ಮಾರುವ ಹಕ್ಕೇ ಬೆಳೆಗಾರನಿಗಿರಲಿಲ್ಲ. ಎರಡನೇ ಮಹಾಯುದ್ಧಕ್ಕೆ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲೆಂದು 1942ರಲ್ಲಿ ಕಾಫಿ ಕಾಯಿದೆ ಬಂತು. ಯುದ್ಧ ಮುಗಿದರೂ ಕಾಯಿದೆ ಮುಗಿಯಲಿಲ್ಲ. ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಬೆಳೆ ಒಟ್ಟಾಗುವ ದಾಸ್ತಾನಿಗೆ ಹೋಗಬೇಕು, ದುಡ್ಡು ಕಂತಿನಲ್ಲಿ ಬರುತ್ತದೆ, ಈ ವರ್ಷದ ಬೆಳೆಯ ಕೊನೇ ಕಂತು ಕೈಸೇರುವಷ್ಟರಲ್ಲಿ ಮುಂದಿನ ಬೆಳೆ ಕಣದಲ್ಲಿರುತ್ತದೆ. 1992ರ ನಂತರ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ 1996ರಲ್ಲಿ ಪೂರ್ತಿ ಬಿಟ್ಟರು. ಅದರ ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಗಿಡ ಸುಟ್ಟುಹೋಯಿತು, ಇಲ್ಲಿ ರೇಟು ಏರಿ ನಮ್ಮೂರಿಗೆ ಮಾರುತಿ ಕಾರು ಬಂದವು. ಯಾರದೋ ತೋಟ ಹಾಳಾಗಿದ್ದಕ್ಕೆ ನಮ್ಮಲ್ಲಿ ಹೋಳಿಗೆ. ಐದಾರು ವರ್ಷದಲ್ಲೇ ಪಾತಾಳಕ್ಕೆ ಬಿದ್ದಾಗ ಆ ಕಾರುಗಳಲ್ಲಿ ಕೆಲವು ಮಾರಾಟವಾದವು. ಈಗ, 2025ರ ಆರಂಭದಲ್ಲಿ, ಮತ್ತೆ ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಅಂತ ಐವತ್ತು ಕೇಜಿ ಅರೇಬಿಕಾ ಪಾರ್ಚ್‌ಮೆಂಟ್ ಇಪ್ಪತ್ತು ಸಾವಿರ ದಾಟಿದೆ.

ಹಾಗಾಗಿ ಹೊಲಿದಿಟ್ಟ ಚೀಲ ಬಿಚ್ಚಿ ಎರಡು ಕೇಜಿ ಕೊಡಿ ಅಂದಾಗ ಅಪ್ಪ ಮೊದಲು ಲೆಕ್ಕ ಹೇಳಿದರು. ಕೇಜಿಗೆ ನಾನೂರು, ಎರಡಕ್ಕೆ ಎಂಟುನೂರು. ನಾನೂ ಲೆಕ್ಕ ಹೇಳಿದೆ. ಎರಡು ಕೇಜಿ ಪಾರ್ಚ್‌ಮೆಂಟಿನ ಹೊಟ್ಟು ತೆಗೆದರೆ ಒಂದು ಕೇಜಿ ಆರುನೂರು ಗ್ರಾಂ ಬೀಜ, ಹುರಿದರೆ ಒಂದು ಕೇಜಿ ಮುನ್ನೂರು, ಲೋಟಕ್ಕೆ ಹದಿನೈದು ಗ್ರಾಂ ಅಂದರೆ ಎಂಬತ್ತಕ್ಕೂ ಹೆಚ್ಚು ಲೋಟ, ಇನ್ನೂರೈವತ್ತರಂತೆ ಇಪ್ಪತ್ತು ಸಾವಿರ! ಅಪ್ಪ ಸುಮ್ಮನೆ ನನ್ನ ಮುಖ ನೋಡಿದರು. ಆಮೇಲೆ ಚೀಲದ ಹೊಲಿಗೆಯ ಒಂದೇ ಎಳೆ ಹುಡುಕಿ ಎಳೆದರು. ಸರ್ರನೆ ಬಿಚ್ಚಿಕೊಂಡಿತು.

ಪಾರ್ಚ್‌ಮೆಂಟನ್ನು ಕೈಯಲ್ಲಿ ಹಿಡಿಯುವುದೇ ಒಂದು ಸುಖ. ಒಣ ಹುಲ್ಲಿನ ಬಣ್ಣ, ಒಂದಕ್ಕೊಂದು ತಾಗಿದರೆ ಕಾಗದದ ಸದ್ದು. ಡಿಸೆಂಬರಿನಲ್ಲಿ ಇದು ಕೆಂಪು ಹಣ್ಣಾಗಿತ್ತು. ಪಲ್ಪರಿನಲ್ಲಿ ಸಿಪ್ಪೆ ಬಿಟ್ಟ ಬೀಜ ತೊಟ್ಟಿಗೆ ಬಿದ್ದಾಗ ಲೋಳೆ ಲೋಳೆ, ಮುಷ್ಟಿಯಿಂದ ಜಾರಿಹೋಗುತ್ತದೆ. ಒಂದು ಒಂದೂವರೆ ದಿನ ಹುಳಿ ಬಂದ ಮೇಲೆ ಅಪ್ಪ ತೋಳು ಮಡಚಿ ಕೈ ಇಳಿಸಿ ಒಂದು ಹಿಡಿ ಉಜ್ಜಿ ನೋಡುತ್ತಾರೆ. ಹೊಳೆಯ ಹರಳಿನ ಹಾಗೆ ಗರಗರ ಅಂದರೆ ತೊಳೆಯಬೇಕು. ಇನ್ನೂ ಜಾರಿದರೆ ಕಾಯಬೇಕು. ಹೊತ್ತು ಮೀರಿದರೆ ಬೀಜಕ್ಕೆ ಕೊಳೆತ ವಾಸನೆ ಹತ್ತುತ್ತದೆ, ಅದನ್ನು ಯಾವ ಬಿಸಿಲೂ ತೆಗೆಯದು. ಹೋದ ವರ್ಷ ಒಂದು ತೊಟ್ಟಿ ಹಾಗಾಯಿತು, ಮದುವೆಗೆ ಹೋಗಿ ತಡವಾಗಿ ಬಂದಿದ್ದಕ್ಕೆ. ಅಮ್ಮ ಇವತ್ತಿಗೂ ಆ ಮದುವೆಯ ಮಾತೆತ್ತುವುದಿಲ್ಲ.

ಒರಳಲ್ಲಿ ಮೆಲ್ಲಗೆ ಕುಟ್ಟಿ ಮೊರದಲ್ಲಿ ಕೇರಿದ್ದು ಅಮ್ಮ. ನಾನು ಕೇರಿದರೆ ಹೊಟ್ಟಿನ ಜೊತೆ ಬೀಜವೂ ಅಂಗಳಕ್ಕೆ ಹೋಗುತ್ತಿತ್ತು. ಹಸಿರು ಮಿಶ್ರಿತ ಬೂದು ಬಣ್ಣದ ಬೀಜ ಹೊರಬಿತ್ತು. ಅಟ್ಟದಿಂದ ಅಜ್ಜಿಯ ಹುರಿಯುವ ಡಬ್ಬ ಇಳಿಸಿದೆ, ಹಿಡಿಕೆ ತಿರುಗಿಸಿದರೆ ಬೆಂಕಿಯ ಮೇಲೆ ಉರುಳುವ ತಗಡಿನ ಉರುಟು ಡಬ್ಬ. ಮೊದಲ ಸಲ ಹುರಿದದ್ದು ಇದ್ದಿಲಾಯಿತು. ಪಟಪಟ ಸಿಡಿಯುವುದನ್ನೇ ಕೇಳುತ್ತಾ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾ ಕೂತವನಿಗೆ ಇಳಿಸುವುದು ಮರೆತೇ ಹೋಯಿತು. ಬಚ್ಚಲೊಲೆಯ ಹೊಗೆಗೆ ಕಾಫಿ ಹೊಗೆಯೂ ಸೇರಿ ನಾಯಿ ಸಮೇತ ಎಲ್ಲರೂ ಅಂಗಳದಲ್ಲಿ. ಎರಡನೇ ಸಲ ಸಿಡಿತ ನಿಲ್ಲುತ್ತಿದ್ದ ಹಾಗೇ ಗೋಣಿಯ ಮೇಲೆ ಸುರಿದು ಬೀಸಣಿಗೆ ಹಾಕಿದೆ. ಒಂದು ದಿನ ಬಿಟ್ಟು ಪುಡಿ ಮಾಡಬೇಕಂತೆ. ರಾತ್ರಿ ಬಸ್ಸಿರುವವನು ಎಲ್ಲಿ ಬಿಡಲಿ.

ಬೀಜ ಆರುವವರೆಗೆ ಅಪ್ಪ ತೋಟ ತಿರುಗಿಸಿದರು. ಬೋರರ್ ಹೊಡೆದ ಐದು ಗಿಡಕ್ಕೆ ಸುಣ್ಣದ ಗುರುತು ಹಾಕಿದ್ದಾರೆ, ಕಿತ್ತು ಸುಡಬೇಕು. ಬೋರರ್ ಅಂದರೆ ಬಿಳಿ ಕಾಂಡಕೊರಕ ಹುಳು, ಅದು ಒಳಗೆ ಕೂತರೆ ಅರೇಬಿಕಾಕ್ಕೆ ಔಷಧಿಯೇ ಇಲ್ಲ. ಎಲೆ ತುಕ್ಕು ಇದಕ್ಕಿಂತ ಹಳೇ ಶತ್ರು. ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡು ಆ ದ್ವೀಪವನ್ನೇ ಕಾಫಿಯಿಂದ ಟೀಗೆ ತಿರುಗಿಸಿತು. ಇಲ್ಲಿ ಕಾಫಿ ಉಳಿದಿದ್ದಕ್ಕೆ ಒಂದು ಕಾರಣ ಆಗಿನ ನಮ್ಮ ಮೈಸೂರು ಸಂಸ್ಥಾನದಲ್ಲೇ ಇತ್ತು. ಕಳೆದ ಶತಮಾನದ ಆರಂಭದಲ್ಲಿ ಕೆಂಟ್ ಅನ್ನುವ ಪ್ಲಾಂಟರ್ ತನ್ನ ತೋಟದಲ್ಲಿ ತುಕ್ಕಿಗೆ ಬಗ್ಗದ ಗಿಡ ಕಂಡು ಅದರ ಬೀಜ ಬೆಳೆಸಿದ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು, ಆ ಕೆಂಟ್ಸ್ ತಳಿಗೆ ಇನ್ನೊಂದನ್ನು ಕೂಡಿಸಿ ಅಲ್ಲಿ ಮಾಡಿದ್ದೇ ಎಸ್ 795. ಶಾಲೆಯಲ್ಲಿ ನಮಗೆ ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದ ಕತೆ ಮಾತ್ರ ಹೇಳಿದ್ದರು. ಚಂದದ ಕತೆ, ಗಿರಿಗೆ ಟೂರೂ ಹೋಗಿದ್ದೆವು. ಬಾಳೆಹೊನ್ನೂರಿಗೂ ಒಂದು ಟೂರು ಇಟ್ಟಿದ್ದರೆ ಮನೆ ಹಿಂದಿನ ಗಿಡದ ಹೆಸರು ಬೆಂಗಳೂರಿನ ಚೀಟಿಯಲ್ಲಿ ಓದಿ ಕಲಿಯಬೇಕಿರಲಿಲ್ಲ.

ನಾಲ್ಕು ಗಂಟೆಗೆ ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಿತು. ಚಿಕೋರಿ ಇಲ್ಲದ್ದಕ್ಕೆ ಸರಸರ ಇಳಿದುಬಿಟ್ಟಿತು, ಬಣ್ಣವೂ ತೆಳು, ಜೇನಿನ ಹಾಗೆ. ಅಪ್ಪನಿಗೆ ಹಾಲು ಹಾಕದೆ ಅರ್ಧ ಲೋಟ ಕೊಟ್ಟೆ. ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ತೊಟ್ಟಿಯಲ್ಲಿ ಕೈ ಉಜ್ಜಿ ನೋಡುವಾಗಿನ ಮುಖವೇ.

‘ಹುಳಿ ಇದೆ. ತಪ್ಪಿಲ್ಲ. ಆದ್ರೆ ಕಾಫಿ ಎಲ್ಲಿ ಇದರಲ್ಲಿ?’

ಅಮ್ಮ ಒಂದು ಗುಟುಕಿಗೇ ಲೋಟ ಕೆಳಗಿಟ್ಟು ಒಲೆಗೆ ಬೆಲ್ಲದ ನೀರಿಟ್ಟಳು. ಅದು ಕುದಿಯುವಾಗ ಪೇಟೆಯ ಪುಡಿ ಹಾಕಿ, ಮುಚ್ಚಿಟ್ಟು ಚರಟ ಕೂತ ಮೇಲೆ ಸೋಸಿ, ಕಣದಲ್ಲಿದ್ದ ಆಳುಗಳಿಗೂ ನಮಗೂ ಕೊಟ್ಟಳು. ನಿಜ ಹೇಳಬೇಕೆಂದರೆ ಕಿತ್ತಳೆ ಸಿಪ್ಪೆಯ ರುಚಿ ನನಗೂ ಅಷ್ಟಾಗಿ ಸಿಕ್ಕಿರಲಿಲ್ಲ. ಬೆಲ್ಲದ ಕಾಫಿ ಎರಡು ಲೋಟ ಕುಡಿದೆ.

ಬಸ್ಸಿಗೆ ಹೊರಡುವ ಮೊದಲು ಉಳಿದ ಪುಡಿಯನ್ನು ಚೀಲಕ್ಕೆ ತುಂಬಿಕೊಳ್ಳೋಣವೆಂದು ಅಡುಗೆಮನೆಗೆ ಹೋದರೆ ಅಪ್ಪ ಆಗಲೇ ಅರ್ಧಕ್ಕರ್ಧ ಹಾರ್ಲಿಕ್ಸ್ ಬಾಟಲಿಗೆ ಸುರಿದುಕೊಂಡಿದ್ದರು. ಪಕ್ಕದಲ್ಲಿ ಪೇಟೆಯ ಪುಡಿಯ ಡಬ್ಬ, ಮುಚ್ಚಳ ತೆಗೆದದ್ದು, ಒಳಗೊಂದು ಚಮಚ.

‘ಬೆರೆಸಿದ್ರೆ ಬಣ್ಣ ಬರ್ತದಾ ನೋಡಣ’ ಅಂದರು.