ಸುವರ್ಣಗಡ್ಡೆಯ ಪರಾಗವನ್ನು ಫ್ರಿಜ್ಜಿನಲ್ಲಿಟ್ಟದ್ದು

ಕೀಳದೆ ಬಿಟ್ಟಿದ್ದ ಸುವರ್ಣಗಡ್ಡೆಯೊಂದು ಈ ಸಲ ಮೊದಲ ಮಳೆಗೆ ಹಿತ್ತಿಲಲ್ಲಿ ಹೂ ಬಿಟ್ಟಿತು. ಆ ನಾತಕ್ಕೆ ಇಲಿ ಸತ್ತಿರಬೇಕೆಂದು ಮನೆಯವರೆಲ್ಲ ಸೇರಿ ಅಟ್ಟ ಹುಡುಕಿದ್ದಾಯಿತು. ಹೂವಿನ ನಡುವಿನ ದಿಂಡಿನ ಬುಡದಲ್ಲಿ ಹೆಣ್ಣು ಹೂಗಳೂ ಅವುಗಳ ಮೇಲೆ ಗಂಡು ಹೂಗಳೂ ಒತ್ತಾಗಿರುತ್ತವೆ. ಆದರೆ ಹೆಣ್ಣು ಹೂಗಳು ಮೊದಲು ಅಣಿಯಾಗುತ್ತವೆ, ಗಂಡು ಹೂಗಳು ಪರಾಗ ಉದುರಿಸುವ ಹೊತ್ತಿಗೆ ಅವುಗಳ ಕಾಲ ಮುಗಿದಿರುತ್ತದೆ. ಹಾಗಾಗಿ ಕಾಯಿ ಕಟ್ಟಬೇಕಾದರೆ ಬೇರೊಂದು ಗಿಡದ ಪರಾಗವೇ ಬೇಕು.

ಇದರ ದೈತ್ಯ ದಾಯಾದಿಯಾದ ಸುಮಾತ್ರಾದ ಟೈಟನ್ ಆರಮ್‌ನದೂ ಇದೇ ಪಾಡು. ಅದು ಮೊದಲ ಸಲ ಅರಳುವುದಕ್ಕೇ ಹಲವು ವರ್ಷ ಬೇಕು, ಅರಳಿದರೆ ಎರಡು ದಿನವೂ ನಿಲ್ಲುವುದಿಲ್ಲ. 2015ರ ಆಗಸ್ಟ್‌ನಲ್ಲಿ ಷಿಕಾಗೋ ಸಸ್ಯೋದ್ಯಾನದ ‘ಸ್ಪೈಕ್’ ಎಂಬ ಗಿಡ, ಜನ ಎಷ್ಟು ಕಾದರೂ ಅರಳದೆ ಹೋದಾಗ, ಅಲ್ಲಿಯವರು ಅದರ ಸುತ್ತಿನ ಹಾಳೆಯನ್ನು ಕೈಯಿಂದಲೇ ಕತ್ತರಿಸಿ ತೆಗೆದರು. ಮುಂದಿನ ತಿಂಗಳು ಅದೇ ಉದ್ಯಾನದಲ್ಲಿ ‘ಆಲಿಸ್’ ಅರಳಿದಾಗ ಅದಕ್ಕೆ ಸವರಿದ್ದು ಡೆನ್ವರ್ ಸಸ್ಯೋದ್ಯಾನದಲ್ಲಿ ಮೊದಲೇ ಅರಳಿದ್ದ ಗಿಡದಿಂದ ತರಿಸಿದ್ದ ಪರಾಗವನ್ನು.

ಅದನ್ನು ಓದಿದ್ದ ನೆನಪಿನಿಂದ ನಾನೂ ದಿಂಡಿನ ಕೆಳಗೆ ಬೆಣ್ಣೆ ಕಾಗದ ಹಿಡಿದು, ಎಳೆ ಎಳೆಯಾಗಿ ಉದುರುತ್ತಿದ್ದ ಹಳದಿ ಪುಡಿಯನ್ನು ಕೂಡಿಸಿದೆ. ನೆರಳಲ್ಲಿ ಆರಿಸಿ, ಎರಡು ಪುಟ್ಟ ಬಾಟಲಿಗಳಿಗೆ ತುಂಬಿ, ಮಾತ್ರೆ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಫ್ರಿಜ್ಜಿನಲ್ಲಿಟ್ಟೆ. ಪರಾಗವನ್ನು ಉಳಿಸುವುದು ತಂಪು ಎಂಬುದು ಅರ್ಧ ಮಾತು. ತೇವ ಹೋಗದೆ ತಂಪಿನಿಂದ ಹೆಚ್ಚು ಪ್ರಯೋಜನವಿಲ್ಲ. (ಎಲ್ಲ ಪರಾಗಕ್ಕೂ ಈ ಉಪಾಯ ನಡೆಯದು: ಭತ್ತದ ಪರಾಗ ಗಾಳಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಕೈಕೊಡುತ್ತದೆ.) ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತೋಟದ ಬೆಳೆಗಳ ಪರಾಗವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುತ್ತಾರೆ, ಅಲ್ಲಿಯೂ ಮೊದಲ ಕೆಲಸ ತೇವವನ್ನು ಹದಕ್ಕೆ ತರುವುದೇ.

ಮೂರು ವಾರದ ಮೇಲೆ ಅತ್ತಿಗೆ ಫೋನ್ ಮಾಡಿ, ತಮ್ಮ ಹಿತ್ತಿಲಲ್ಲೂ ಮೊಗ್ಗು ಬಿರಿಯುತ್ತಿದೆ, ಬೇಗ ಬಾ ಎಂದರು. ಆ ಆತುರದಲ್ಲಿ ಒಂದು ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದವನೇ ಮುಚ್ಚಳ ತಿರುವಿಬಿಟ್ಟೆ. ಹೊರಗೆ ಜಡಿಮಳೆ. ನೋಡುನೋಡುತ್ತಿದ್ದಂತೆ ತಣ್ಣನೆಯ ಗಾಜಿನ ಒಳಗೆಲ್ಲ ಹನಿಯೊಡೆದು, ಪುಡಿಯೆಲ್ಲ ಕಡಲೆಹಿಟ್ಟಿನ ಮುದ್ದೆಯಂತಾಯಿತು. ಜೀವವಿರುವ ಪರಾಗದ ಕಣ ಬೋರಿಕ್ ಆಮ್ಲ ಸೇರಿಸಿದ ಸಕ್ಕರೆ ನೀರಿನಲ್ಲಿ ಸಣ್ಣ ನಳಿಕೆ ಚಾಚುತ್ತದೆ. ಚಿಟಿಕೆಯಷ್ಟನ್ನು ಅಂಥ ನೀರಿಗೆ ಹಾಕಿ ಮಗಳ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಕಣದಿಂದಲೂ ನಳಿಕೆ ಹೊರಟಿರಲಿಲ್ಲ.

ಎರಡನೆಯದನ್ನು ಮುಚ್ಚಳ ತೆಗೆಯದೆ ಒಂದು ಗಂಟೆ ಮೇಜಿನ ಮೇಲಿಟ್ಟು, ಗಾಜು ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆದೆ. ಪುಡಿ ಪುಡಿಯಾಗಿಯೇ ಇತ್ತು. ಸಕ್ಕರೆ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಕಣ ಕೂದಲೆಳೆಯಂಥ ನಳಿಕೆ ಚಾಚಿತು. ಅಂದು ಸಂಜೆ ಅತ್ತಿಗೆ ಟಾರ್ಚ್ ಹಿಡಿದರು. ಹಾಳೆಯ ಬುಡದಲ್ಲಿ ಬೆರಳು ತೂರುವಷ್ಟು ಕಿಂಡಿ ಕೊರೆದು, ಹೆಣ್ಣು ಹೂಗಳ ಕಂದುಗೆಂಪು ಕಡ್ಡಿಗಳ ತುದಿಯ ಹಳದಿ ಗುಬುಟುಗಳಿಗೆ ಕುಂಚದಿಂದ ಪರಾಗ ಸವರಿದೆ. ಈಗ ಹಾಳೆ ಬಾಡಿ ಬಿದ್ದಿದೆ, ದಿಂಡಿನ ಬುಡ ಮಾತ್ರ ಹಸಿರಾಗಿ ಉಬ್ಬುತ್ತಿದೆ.