ಎರಡು ಮೆಷಿನ್ ಒಟ್ಟಿಗೆ ಇಟ್ಟರೆ

"ಲೇಸರೂ ಕೊಡಿ, ಕರೆಂಟೂ ಕೊಡಿ ಮೇಡಂ. ಎರಡೂ ಒಟ್ಟಿಗೆ ಆದ್ರೆ ಬೇಗ ಒಣಗ್ತದಲ್ಲ?"

ಭಟ್ರ ಮಗನ ಈ ಮಾತು ವಾರವಿಡೀ ತಲೆಯಲ್ಲೇ ಉಂಟು. ಭಟ್ರು ಉಡುಪಿಯ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ನಿಂತೇ ಆಯುಷ್ಯ ಸವೆಸಿದವರು. ಪಾದದ ಗಂಟಿನ ಒಳಬದಿಯಲ್ಲಿ ವೇರಿಕೋಸ್ ಹುಣ್ಣು (ಕಾಲಿನ ರಕ್ತನಾಳ ಉಬ್ಬಿ ಆಗುವಂಥದ್ದು), ಸುತ್ತ ಕಪ್ಪುಗಟ್ಟಿದ ಚರ್ಮ. ಕ್ರೇಪ್ ಬ್ಯಾಂಡೇಜ್ ಜಾರಿ ಗಂಟಿನ ಬಳಿ ಹಗ್ಗದಂತೆ ಸುತ್ತಿಕೊಂಡಿತ್ತು. ಮಗ ಒಳ್ಳೆಯವನೇ, ಆದರೆ ವಿಡಿಯೋ ನೋಡಿ ಅರ್ಧ ಡಾಕ್ಟರ್ ಆಗಿದ್ದಾನೆ. ಮೆಷಿನ್ ಕಾಣುವ ಕಣ್ಣಿಗೆ ಆ ಬ್ಯಾಂಡೇಜ್ ಕಾಣಲಿಲ್ಲ.

ಒಟ್ಟಿಗೆ ಕೊಡಬಾರದು ಅಂತಲ್ಲ. ಆದರೆ ಮೆಷಿನ್‌ಗೂ ಕಟ್ಟಿಗೂ ಒಂದಕ್ಕೊಂದು ಅಡ್ಡ ಬರುತ್ತದೆ. ಈ ಹುಣ್ಣಿಗೆ ಮುಖ್ಯ ಮದ್ದು ಒತ್ತುಪಟ್ಟಿ, ಗಂಟಿನ ಬಳಿ ಸುಮಾರು 40 ಮಿ.ಮೀ. ಪಾದರಸದಷ್ಟು ಒತ್ತಡ. ಪದರದ ಕಟ್ಟನ್ನು ಸಾಧಾರಣವಾಗಿ ವಾರಕ್ಕೊಮ್ಮೆ ಬಿಚ್ಚುವುದು. ಕರೆಂಟ್, ಅಂದರೆ ಹುಣ್ಣಿಗೆ ಸಣ್ಣ ವಿದ್ಯುತ್ ಹಾಯಿಸುವುದು, ಆದರೆ ವಾರಕ್ಕೆ 5 ದಿನ, ದಿನಕ್ಕೆ 45ರಿಂದ 60 ನಿಮಿಷ. ದಿನಾ ಬಿಚ್ಚಿ ಅದೇ ಬಿಗಿಯಲ್ಲಿ ಕಟ್ಟುವುದು ಸುಲಭವಲ್ಲ. ಅಂಥಲ್ಲಿ ವೆಲ್ಕ್ರೋ ಪಟ್ಟಿಯೇ ವಾಸಿ.

ಕಟ್ಟುವ ಮೊದಲು ಡಾಪ್ಲರ್‌ನಲ್ಲಿ (ರಕ್ತದ ಹರಿವಿನ ಶಬ್ದ ಹಿಡಿಯುವ ಯಂತ್ರ) ಕಾಲಿನ ರಕ್ತದೊತ್ತಡ ಅಳೆದು ಕೈಯದರಿಂದ ಭಾಗಿಸಬೇಕು. 0.8ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಇಳಿಯುವುದೇ ಕಡಿಮೆ ಅಂತ, ಪೂರ್ತಿ ಬಿಗಿ ಬೇಡ. 0.5ಕ್ಕಿಂತ ಕಡಿಮೆಯಾದರೆ ಕಟ್ಟಲೇಬಾರದು, ರಕ್ತನಾಳದ ಸರ್ಜನ್ ಹತ್ತಿರ ಕಳಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಟ್ಟಿಯಾಗಿ ಈ ಅಂಕಿ ಸುಳ್ಳೇ ಏರಬಹುದು; ಅವರಿಗೆ ಕಾಲಿನ ಹೆಬ್ಬೆರಳಿನ ರಕ್ತದೊತ್ತಡ ನೋಡಬೇಕು.

ಕರೆಂಟ್ ಕೊಡುವುದಾದರೆ ಬೆಳ್ಳಿಯ ಕ್ರೀಮು, ಅಯೋಡಿನ್ ಪೂರ್ತಿ ತೊಳೆಯಬೇಕು. ಉಳಿದರೆ ಕರೆಂಟಿನೊಟ್ಟಿಗೆ ಅಂಗಾಂಶಕ್ಕೆ ಇಳಿಯುತ್ತದೆ. ಸಲೈನ್‌ನಲ್ಲಿ ನೆನೆದ ಗಾಜ್ ಬಟ್ಟೆ ಹುಣ್ಣಿನೊಳಗೆ, ದೊಡ್ಡ ಎಲೆಕ್ಟ್ರೋಡ್ (ಕರೆಂಟ್ ಹಾಯಿಸುವ ಪಟ್ಟಿ) ತೊಡೆಯ ಮೇಲೆ, ಸೆಕೆಂಡಿಗೆ ಕರೆಂಟಿನ 100 ಪಲ್ಸ್. ಜುಮ್ಮೆನ್ನಬೇಕು, ಸ್ನಾಯು ಎಳೆಯಬಾರದು. ಮೂಳೆಗೆ ಸೋಂಕು ಇಳಿದಿದ್ದರೆ, ಕ್ಯಾನ್ಸರ್ ಸಂಶಯವಿದ್ದರೆ ಮುಟ್ಟುವುದೇ ಬೇಡ. ವರ್ಷ ಕಳೆದರೂ ಒಣಗದ ಹುಣ್ಣಿನ ಅಂಚಿನಿಂದ ಬಯಾಪ್ಸಿ ತೆಗೆಸದೆ ಮೆಷಿನ್ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

"ಹಾಗಾದ್ರೆ ಲೇಸರ್ ಬೇಡ್ವಾ?" ಹುಡುಗ ಬಿಡಲಿಲ್ಲ. ಎರಡನ್ನೂ ಒಂದೇ ದಿನ ಶುರು ಮಾಡಿದರೆ ಗುಣ ಯಾವುದರಿಂದ, ಉರಿ ಯಾವುದರಿಂದ ಅಂತ ತಿಳಿಯುವುದು ಹೇಗೆ? ಮೊದಲು ಕಟ್ಟು. ವಾರವಾರ ಪ್ಲಾಸ್ಟಿಕ್ ಹಾಳೆಯಲ್ಲಿ ಅಂಚು ಬರೆದಿಟ್ಟು, 4 ವಾರಕ್ಕೂ ಸರಿಯಾಗಿ ಕುಗ್ಗದಿದ್ದರೆ ಕರೆಂಟ್ ಸೇರಿಸುವುದು. ಲೇಸರಿಗೆ ಪುರಾವೆ ಅಷ್ಟು ಗಟ್ಟಿಯಿಲ್ಲ, ಕೊನೆಗೆ ನೋಡಿದರಾಯಿತು.

ಅಷ್ಟು ಹೊತ್ತು ಸುಮ್ಮನಿದ್ದ ಭಟ್ರು ಬಾಯಿಬಿಟ್ಟರು: "ನಿಲ್ಲದೆ ಹೋಟೆಲ್ ನಡೀತದಾ ಮೇಡಂ?" ನಿಲ್ಲಿ ಭಟ್ರೆ, ಆದರೆ ಕಟ್ಟು ಕಟ್ಟಿಕೊಂಡು, ದೋಸೆ ಬೇಯುವಷ್ಟು ಹೊತ್ತು ಹಿಮ್ಮಡಿ ಎತ್ತಿ ಇಳಿಸುತ್ತಾ ಇರಿ. ಮೀನಖಂಡ ಹಿಂಡಿದರೇ ರಕ್ತ ಮೇಲೆ ಹತ್ತುವುದು. ಮಳೆಯಲ್ಲಿ ಕಟ್ಟು ಒದ್ದೆಯಾದರೆ ಅದೇ ದಿನ ಬದಲಿಸಿ.