ಅಂಚಿನ ಪುಟ್ಟಿ

12 ಮೇ 2024, ಭಾನುವಾರ
ಬಳ್ಳಾರಿ

ಶೆಡ್ಡಿನಲ್ಲಿ ಕಟ್ಟುತ್ತಿರುವ ವಿಮಾನದ ಬಾಲದಲ್ಲಿ, ಮೂತಿಯನ್ನು ಮೇಲೆ ಕೆಳಗೆ ಮಾಡಲು ಕೀಲಿನ ಮೇಲೆ ಆಡುವ ಭಾಗ ಎಲಿವೇಟರ್. ಬಲಗಡೆಯ ಎಲಿವೇಟರಿನ ಹಿಂಬದಿ ಅಂಚಿಗೆ ದಾರ ಬಿಗಿದು ನೋಡಿದರೆ ನೆಟ್ಟಗಿದೆ. ಬೆರಳಾಡಿಸಿದಾಗ ಮಾತ್ರ ತುದಿಯಿಂದ ಒಂದು ಗೇಣು ಒಳಗೆ ಏನೋ ಬೇರೆ ಅನ್ನಿಸಿತು. ಉಗುರಿನಿಂದ ಕೆರೆದರೆ ಪ್ರೈಮರ್ ಕೆಳಗೆ ಪುಟ್ಟಿ.

"ಅಲ್ಲೊಂದು ಸಣ್ಣ ತಗ್ಗು ಬಿದ್ದಿತ್ತಣ್ಣ, ತುಂಬಿಬಿಟ್ಟೆ. ಏನ್ ಮಹಾ, ಇಪ್ಪತ್ತು ಗ್ರಾಂ ಇರ್ಬೋದು" ಅಂದ ಹನುಮೇಶ. ಅವನದು ಟಿಂಕರಿಂಗ್ ಕೈ, ಒಳ್ಳೆಯ ಕೈ. ಕಾರಿನ ಬಾಗಿಲಿಗೆ ಇಪ್ಪತ್ತು ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಆ ಇಪ್ಪತ್ತು ಗ್ರಾಂ ಎಲ್ಲಿ ಕೂತಿದೆ ಅನ್ನುವುದೇ ಲೆಕ್ಕ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಪುಟ್ಟಿ ಇರುವುದು ಕೀಲಿನಿಂದ 40 ಸೆಂ.ಮೀ. ಹಿಂದೆ. ಎಲಿವೇಟರನ್ನು ಸಮ ತೂಗಿಸುವ ಸೀಸದ ತೂಕ ಇರುವುದು ಕೀಲಿನಿಂದ 16 ಸೆಂ.ಮೀ. ಮುಂದೆ. 20 ಇಂಟು 40 ಅಂದರೆ 800, ಅದನ್ನು 16ರಿಂದ ಭಾಗಿಸಿದರೆ 50. ಅಂಚಿನ ಇಪ್ಪತ್ತಕ್ಕೆ ಮುಂದೆ ಐವತ್ತು ಗ್ರಾಂ ಸೀಸ ಬೇಕು.

"ಹಾಕಿದ್ರಾಯ್ತಲ್ಲಣ್ಣ, ಸೀಸ ಐತಲ್ಲ."

ಹಾಕಬಹುದು. ಆದರೆ ಸ್ಕಿನ್, ಅಂದರೆ ಹೊರಮೈಯ ಲೋಹದ ಹಾಳೆ, 0.4 ಮಿ.ಮೀ. ದಪ್ಪ ಅಷ್ಟೇ. ಪ್ರೊಪೆಲ್ಲರ್ ಗಾಳಿಗೆ ಸದಾ ನಡುಗುತ್ತಿರುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಪುಟ್ಟಿ ಅದರ ಜೊತೆ ಬಾಗುವುದಿಲ್ಲ, ಬಿರುಕು ಬಿಟ್ಟು ಒಂದು ದಿನ ಉದುರುತ್ತದೆ. ಆಗ ಮಾಡಿಟ್ಟ ಸಮತೋಲವೂ ಹೋಯಿತು, ತಗ್ಗೂ ಹಾಗೇ ಉಳಿಯಿತು.

ಅವನಿಗೆ ಹೇಳಲೇಬೇಕಾಗಿದ್ದದ್ದು ಫ್ಲಟರ್, ಅಂದರೆ ಹಾರುವಾಗ ತಾನಾಗಿ ಬೆಳೆಯುತ್ತಾ ಹೋಗುವ ನಡುಕದ ವಿಷಯ. ಗಾಳಿಯ ಹೊಡೆತಕ್ಕೆ ಬಾಲ ಮೇಲಕ್ಕೆದ್ದಿತು ಅನ್ನೋಣ. ಕೀಲಿನ ಹಿಂದೆ ಭಾರ ಹೆಚ್ಚಿದ್ದರೆ ಅದು ಇದ್ದಲ್ಲೇ ಉಳಿಯಲು ನೋಡುತ್ತದೆ, ಎಲಿವೇಟರಿನ ಅಂಚು ಕೆಳಗಿಳಿಯುತ್ತದೆ. ಅಂಚು ಇಳಿದರೆ ಬಾಲವನ್ನು ಮೇಲೆತ್ತುವ ಬಲ ಇನ್ನೂ ಹೆಚ್ಚುತ್ತದೆ. ಬಾಲ ಸೆಟೆದು ವಾಪಸ್ ಬರುವಾಗ ಇದೇ ತಿರುವುಮುರುವಾಗಿ ನಡೆಯುತ್ತದೆ. ಪ್ರತಿ ಸಲವೂ ಗಾಳಿಯೇ ಶಕ್ತಿ ತುಂಬುತ್ತದೆ. ವೇಗ ಒಂದು ಮಿತಿ ದಾಟಿದರೆ ಕೆಲವೇ ಸೆಕೆಂಡುಗಳಲ್ಲಿ ಎಲಿವೇಟರ್ ಕಿತ್ತು ಹೋಗಬಹುದು. ಅವನು ಅಂಗೈಯನ್ನು ಬಾಲದ ಹಾಗೆ ಆಡಿಸಿ ನೋಡಿದ, ಆಮೇಲೆ ಸುಮ್ಮನಾದ.

ತಗ್ಗು ಬಿದ್ದದ್ದು ಯಾಕೆ ಅನ್ನುವುದು ಗೊತ್ತಾಯಿತು. ಅಂಚು ಮಡಚುವಾಗ ಹಲಗೆಯನ್ನು ಒಂದು ಕಡೆ ಮಾತ್ರ ಹೆಚ್ಚು ಒತ್ತಿದ್ದಾನೆ. ಒಳಗೆ ಇಡುವ ಮರದ ಸಣ್ಣ ಕಡ್ಡಿಯೂ ಆ ಜಾಗಕ್ಕೆ ಮುಟ್ಟಿರಲಿಲ್ಲ. ಮಡಿಕೆ ಅತಿ ಬಿಗಿಯಾದರೆ ಅಲ್ಲಿಂದಲೇ ಬಿರುಕು ಶುರು. ಸಡಿಲವಾದರೆ ಅಂಚಿನ ಮುಂದೆ ಸ್ಕಿನ್ ಉಬ್ಬುತ್ತದೆ.

ಸ್ಕಿನ್ ಬಿಚ್ಚುವುದು ಅಂತ ತೀರ್ಮಾನ. ರಿವೆಟ್ 3/32 ಇಂಚಿನವು. 40 ನಂಬರ್ ಬಿಟ್ ಇಟ್ಟು ತಲೆಯ ಆಳದಷ್ಟೇ ಕೊರೆಯಬೇಕು, ಪಂಚ್ ಇಟ್ಟು ಓರೆ ಮಾಡಿದರೆ ತಲೆ ಮುರಿಯುತ್ತದೆ, ಹಿಂದೆ ಮರದ ತುಂಡು ಆನಿಸಿ ಉಳಿದ ಕಾಂಡವನ್ನು ಮೆಲ್ಲಗೆ ತಟ್ಟಿ ತೆಗೆಯಬೇಕು. ಪೂರ್ತಿ ಕೊರೆದುಬಿಟ್ಟರೆ ಸ್ಪಾರಿನ (ಒಳಗಿನ ಉದ್ದನೆಯ ಮುಖ್ಯ ಪಟ್ಟಿಯ) ತೂತು ಅಗಲವಾಗುತ್ತದೆ. ಆಗ 1/8 ಇಂಚಿನ ರಿವೆಟ್ಟಿಗೆ ಹೋಗಬೇಕು, ಅದಕ್ಕೆ ತೂತಿನ ನಡುವಿನಿಂದ ಅಂಚಿಗೆ ಕಾಲು ಇಂಚಾದರೂ ಜಾಗ ಬೇಕು.

ಹೊಸ ಹಾಳೆಗೆ ಡಿಂಪಲ್ (ರಿವೆಟ್ ತಲೆ ಕೂರಲು ಒತ್ತಿ ಮಾಡುವ ಗುಳಿ) ಹೊಡೆಯುವ ಮುಂಚೆ ಪ್ರತಿ ತೂತಿನ ಅಂಚಿನ ಮುಳ್ಳು ತೆಗೆಯಬೇಕು. ಬಿಟ್ಟರೆ ಡಿಂಪಲ್ ಸುತ್ತ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಇಷ್ಟು ತೆಳು ಹಾಳೆಗೆ ಕೌಂಟರ್‌ಸಿಂಕ್ ಮಾಡುವ, ಅಂದರೆ ಆ ಗುಳಿಯನ್ನು ಕೊರೆದು ಮಾಡುವ, ಮಾತೇ ಇಲ್ಲ. ಮಡಚುವ ಮುಂಚೆ ಸ್ಕಿನ್ ಬಿಗಿಯಾಗಿರಲು ಒಳಗೆ ಹಾಕಿದ ಸ್ಟಿಫ್ನರ್‌ಗಳ ತುದಿಗೆ ಸಿಲಿಕೋನ್ ಒಂದೊಂದು ಚಿಟಿಕೆ ಹಾಕಬೇಕು, ಎರಡು ಕಡೆಯ ಸ್ಕಿನ್ ಅಲ್ಲಿ ಒಂದಕ್ಕೊಂದು ಹಿಡಿದುಕೊಂಡರೆ ನಡುಕ ಕಡಿಮೆ. ಸಂಡೂರು ರಸ್ತೆಯ ಕೆಂಪು ದೂಳು ಶೆಡ್ಡಿನೊಳಗೆ ಎಲ್ಲದರ ಮೇಲೂ ಕೂತಿರುತ್ತದೆ. ಅಸಿಟೋನಿನಿಂದ ಒರೆಸದಿದ್ದರೆ ಸಿಲಿಕೋನ್ ಹಿಡಿಯುವುದಿಲ್ಲ.

ಕರೆಂಟ್ ಹೋಯಿತು. ಸಮತೋಲ ತೂಗುವ ಕೆಲಸಕ್ಕಾದರೂ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿಯೇ ಕೂರಬೇಕು, ಈ ಸೆಕೆಯಲ್ಲಿ. ಬಣ್ಣ ಒಣಗಿದ ಮೇಲೆ, ಟ್ರಿಮ್ ಟ್ಯಾಬ್ (ಎಲಿವೇಟರಿನ ಅಂಚಿನಲ್ಲಿ ಆಡುವ ಪುಟ್ಟ ಪಟ್ಟಿ) ಸಹಿತ ಎಲ್ಲ ಜೋಡಿಸಿ, ಕೀಲುಗಳ ಮೇಲೆ ಸರಾಗ ತಿರುಗುವಂತೆ ಕೂರಿಸಿ ನೋಡಬೇಕು. ಸೀಸವನ್ನು ಮೊದಲೇ ಸ್ವಲ್ಪ ಹೆಚ್ಚಿಗೆ ಎರಕ ಹೊಯ್ದಿಟ್ಟರೆ ಕೊರೆದು ಕಡಿಮೆ ಮಾಡುವುದು ಸುಲಭ.

ಎಡಗಡೆಯದನ್ನು ಮಡಚಿದ್ದೂ ಅದೇ ಹಲಗೆಯಲ್ಲಿ, ಅದೇ ದಿನ. ಅದರ ಅಂಚಿಗೆ ಇನ್ನೂ ಬೆರಳಾಡಿಸಿಲ್ಲ, ಹೊಸ ಹಾಳೆ ಒಂದೇ ಇದೆ, ಅದಕ್ಕೂ ಬೇಕಾದರೆ...